ನಾಲ್ಕನೇ ದರ್ಜೆ

ಎಪ್ಪತ್ತೊಂದರಲ್ಲಿ ಅರವತ್ತೇಳು ಕಳೆದರೆ ನಾಲ್ಕು. ಅಷ್ಟು ಲೆಕ್ಕ ಬಾರದವಳಲ್ಲ ಅವಳು. ಹಲ್ಲಿನ ಲ್ಯಾಬಿನಲ್ಲಿ ಪಿಂಗಾಣಿ ಹಲ್ಲು ಕಟ್ಟುತ್ತಲೇ ತಲೆ ನರೆತವಳು. ಕೂದಲೆಳೆಯಷ್ಟು ದಪ್ಪ ಹೆಚ್ಚಾದರೂ ಬಾಯಿ ಮುಚ್ಚಿದಾಗ ಮೊದಲು ಅದೇ ತಗಲುತ್ತದೆ ಎಂದು ಬೆರಳ ತುದಿಯಲ್ಲೇ ಬಲ್ಲವಳು. ಆದರೆ ಕಳೆಯಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲವಲ್ಲ! ಎಂಟು ತಿಂಗಳಿಂದ ಸಂಜೆ ಸಂಜೆ ಕಂಪ್ಯೂಟರ್ ಆಟದ ಪರದೆಯ ಮೂಲೆಯಲ್ಲಿ ಎಪ್ಪತ್ತೊಂದು ಎಂಬ ಅಂಕಿ ನೋಡಿ ಒಳಗೊಳಗೇ ಉಬ್ಬಿದ್ದಳು. ನೂರಕ್ಕೆ ಎಪ್ಪತ್ತೊಂದು! ಶಾಲೆಯಲ್ಲೂ ಅವಳಿಗೆ ಅಷ್ಟು ಬಂದಿರಲಿಲ್ಲ. ಈಗ ಲ್ಯಾಬಿನ ಹಿಂದಿನ ಕೋಣೆಯಲ್ಲಿ, ಊಟದ ಡಬ್ಬಿಯ ಮುಚ್ಚಳ ಅರ್ಧ ತೆರೆದು ಹಿಡಿದುಕೊಂಡು, ಎದುರಿಗೆ ಫಳಫಳ ಎಂಬವನು ಹೊಟ್ಟೆ ಹಿಡಿದು ನಗುತ್ತಿರುವಾಗ, ತನ್ನ ಕಿವಿಯ ತುದಿ ಬಿಸಿಯಾಗುತ್ತಿರುವುದು ಅವಳಿಗೇ ಗೊತ್ತಾಗುತ್ತಿತ್ತು.

ಫಳಫಳ ಎಂದರೆ ಲ್ಯಾಬಿನಲ್ಲಿ ಹಲ್ಲುಗಳಿಗೆ ಕೊನೆಯ ಹೊಳಪು ಕೊಡುವವನು. ಅವನ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಅವಳ ಫೋನಿನ ಮೇಲೆ ಬಿಲ್ಲು ಹಿಡಿದ ಹೆಂಗಸಿನ ಚಿತ್ರ ಕಂಡು ಅವನೇ ಕೇಳಿದ್ದು: "ಅಯ್ಯೋ, ಇದು ಆ ಆಟದ್ದಲ್ವಾ? ನೀವೂ ಆಡ್ತೀರಾ?"

"ಆಡ್ತೀನಿ. ನಾನು, ನನ್ನ ತಮ್ಮ. ಕಥೆ ಯಾವಾಗ್ಲೋ ಮುಗೀತು. ಈಗ ನಕ್ಷೆಗಳಲ್ಲಿದೀವಿ."

"ಯಾವ ದರ್ಜೆ?"

"ಹದಿನಾಲ್ಕು," ಎಂದಿದ್ದಳು, ಏನೂ ಅಲ್ಲವೆಂಬಂತೆ ಡಬ್ಬಿ ತೆರೆಯುತ್ತ.

ಫಳಫಳ ತಿನ್ನುವುದನ್ನು ನಿಲ್ಲಿಸಿ ಅವಳನ್ನು ಹೊಸದಾಗಿ ನೋಡಿದ್ದ. "ಹದಿನಾಲ್ಕಾ! ಒಂದೇ ಜೀವದಲ್ಲಾ?"

"ಒಂದೇ ಜೀವದಲ್ಲಿ. ಸತ್ರೆ ಮುಗೀತು."

"ಶಹಬ್ಬಾಸ್. ನಾನು ಇನ್ನೂ ಹಳದೀಲೇ ಒದ್ದಾಡ್ತಿದೀನಿ. ಹದಿನಾಲ್ಕರಲ್ಲಿ ರಾಕ್ಷಸರು ಹೇಗ್ರೀ ಇರ್ತಾರೆ? ಮೂಲೇಲಿ ಅವರ ಮಟ್ಟ ಎಷ್ಟು ಅಂತ ತೋರಿಸುತ್ತೆ?"

"ಎಪ್ಪತ್ತೊಂದು."

ಆಗ ಶುರುವಾಗಿದ್ದು ಆ ನಗು. ನಕ್ಕು ಮುಗಿಸಿ, ಕಣ್ಣೊರೆಸಿಕೊಂಡು, ಮಗುವಿಗೆ ಮಗ್ಗಿ ಹೇಳಿಕೊಡುವ ಹಾಗೆ ಮೇಜಿನ ಮೇಲೆ ಬೆರಳೂರಿ ವಿವರಿಸಿದ. ಕಥೆ ಮುಗಿಯುವ ಹೊತ್ತಿಗೇ ರಾಕ್ಷಸರ ಮಟ್ಟ ಅರವತ್ತೇಳಕ್ಕೆ ಬಂದಿರುತ್ತದೆ. ನಕ್ಷೆಗಳು, ಎಂದರೆ ಒಂದೊಂದಾಗಿ ಗೆಲ್ಲಬೇಕಾದ ಹೊಸ ಲೋಕಗಳು, ಅಲ್ಲಿಂದ ಮೇಲೆ ಶುರು. ಅರವತ್ತೆಂಟು ಎಂದರೆ ಮೊದಲನೇ ದರ್ಜೆ. ಐದರವರೆಗೆ ಬಿಳಿ ನಕ್ಷೆ, ಹತ್ತರವರೆಗೆ ಹಳದಿ, ಹನ್ನೊಂದರಿಂದ ಹದಿನಾರರವರೆಗೆ ಕೆಂಪು. "ಮೂಲೇಲಿರೋ ಅಂಕೀಲಿ ಅರವತ್ತೇಳು ಕಳೀರಿ ಮೇಡಂ, ಅಷ್ಟೇ ದರ್ಜೆ. ನಿಮ್ಮದು ನಾಲ್ಕು. ಬಿಳಿ. ಅಲ್ಲಿ ರಾಕ್ಷಸರು ಬಂದು ನಮಗೇ ಕಾಲು ಒತ್ತಿ ಹೋಗ್ತಾರೆ. ಹದಿನಾಲ್ಕು ಅಂತ ಯಾರು ನಿಮ್ಮ ಕಿವಿಗೆ ಹೂ ಇಟ್ಟಿದ್ದು?"

ಯಾರು ಎಂದು ಅವಳು ಹೇಳಲಿಲ್ಲ. "ನಾನೇ ತಪ್ಪು ನೋಡಿರ್ಬೇಕು," ಎಂದಳು. ಹಾಗೆ ಹೇಳಬೇಕಾಗಿ ಬಂದದ್ದಕ್ಕೆ ಇನ್ನಷ್ಟು ಮೈ ಉರಿಯಿತು. ತಮ್ಮನ ಮಾನ ಕಾಪಾಡಲು ತಾನು ದಡ್ಡಿಯಾಗಬೇಕು! ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದಳು.

ಮಧ್ಯಾಹ್ನ ಬೆಂಚಿಗೆ ಮರಳಿದಾಗ ವಾಪಸು ಬಂದ ಹಲ್ಲೊಂದು ಕಾಯುತ್ತಿತ್ತು. ಮುಂದಿನ ಮೇಲುಸಾಲಿನ ಹಲ್ಲು, ಅರವತ್ತು ದಾಟಿದ ಹೆಂಗಸಿನದು. ಅಕ್ಕಪಕ್ಕದ ಹಲ್ಲುಗಳ ಬಣ್ಣವನ್ನು ಅವಳು ಬಣ್ಣದ ಪಟ್ಟಿಯ ಒಂದೊಂದೇ ತುಣುಕು ಹಿಡಿದು ಕಿಟಕಿಯ ಬೆಳಕಿನಲ್ಲಿ ಹೊಂದಿಸಿದ್ದಳು. ಬುಡದಲ್ಲಿ ಮಾಸಲು, ತುದಿಯಲ್ಲಿ ತುಸು ಬೂದು, ಮಧ್ಯೆ ಒಂದು ಸಣ್ಣ ಬಿರುಕಿನ ಗೆರೆ ಕೂಡ. ಅದು ಅವಳಿಗೆ ಮೆಚ್ಚಿಗೆಯಾಗಿದ್ದ ಹಲ್ಲು. ಡಾಕ್ಟರು ಫೋನಿನಲ್ಲಿ, "ಪೇಷಂಟು ಬೇಜಾರು ಮಾಡ್ಕೊಂಡ್ರು ಕಣಮ್ಮ, ಎರಡು ದರ್ಜೆ ಬೆಳ್ಳಗೆ ಮಾಡ್ಕೊಡಿ," ಎಂದರು. ಪಕ್ಕದ ಹಲ್ಲಿಗೆ ಹೊಂದುವುದಿಲ್ಲ, ಇದು ಸುಳ್ಳು ಹಲ್ಲು ಎಂದು ದೂರದಿಂದಲೇ ಕಾಣುತ್ತದೆ ಎಂದಳು. "ಕಂಡ್ರೆ ಕಾಣ್ಲಿ ಬಿಡಿ, ಅವರಿಗೆ ಖುಷಿ ಆದ್ರೆ ಸಾಕಲ್ವಾ?" ಯಜಮಾನರು ಗಾಜಿನ ಆಚೆಯಿಂದ ಕೈಸನ್ನೆ ಮಾಡಿದರು, ವಾದ ಬೇಡ, ಮಾಡಿಕೊಡು ಎಂದು. ಅವಳು ಕುಲುಮೆ ಹೊತ್ತಿಸಿದಳು. ಕುಂಚದ ತುದಿಯಲ್ಲಿ ಬಿಳಿಯ ಪುಡಿ ನೀರಿನಲ್ಲಿ ಕಲಸಿ ಹಚ್ಚುತ್ತ ಹಚ್ಚುತ್ತ, ಎಲ್ಲರಿಗೂ ಎಲ್ಲರನ್ನೂ ಖುಷಿಪಡಿಸುವ ರೋಗ ಹಿಡಿದಿದೆ ಎಂದುಕೊಂಡಳು. ಆ ಮುದುಕಿಯನ್ನು ಯಾರಾದರೂ ಕೇಳಿದರೇ, ನಿನ್ನ ಬಾಯಿಯ ನಿಜವಾದ ಬಣ್ಣ ಇದು, ಬೇಕೋ ಬೇಡವೋ ಎಂದು? ಕೇಳಿದ್ದರೆ ಬೇಕು ಎನ್ನುತ್ತಿದ್ದಳೇನೋ. ಹಾಗೆ ಕೇಳಿದ್ದರೆ ತಾನೂ ಹೇಳುತ್ತಿರಲಿಲ್ಲವೇ, ಬೇಡ ಕಣೋ, ನನಗೆ ನಾಲ್ಕನೇ ದರ್ಜೆಯೇ ಸಾಕು, ಆದರೆ ಅದು ನಾಲ್ಕು ಎಂದು ಹೇಳು, ಎಂದು?

ಲ್ಯಾಬಿನಿಂದ ಮನೆಗೆ ನಡೆದೇ ಹೋಗುವ ದೂರ. ಇವತ್ತು ಅವಳ ಕಾಲು ತಾನಾಗಿ ಬೇಗ ಬೇಗ ಬೀಳುತ್ತಿತ್ತು. ಕಳೆದ ವರ್ಷ ಇದೇ ಪಾದಚಾರಿ ದಾರಿಯಲ್ಲಿ, ಕಿತ್ತುಹೋದ ಕಲ್ಲಿನ ಮೇಲೆ ಕಾಲಿಟ್ಟು ಪಾದದ ಗಂಟಿನ ಮೂಳೆ ಮುರಿದುಕೊಂಡಿದ್ದಳು. ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಗೋಡೆ ನೋಡುತ್ತ ಕೂತವಳಿಗೆ ತಮ್ಮನೇ ತನ್ನ ಹಳೆಯ ಕಂಪ್ಯೂಟರನ್ನು ಎದುರಿಗೆ ತಂದಿಟ್ಟು ಈ ಆಟ ಹಾಕಿಕೊಟ್ಟಿದ್ದು. ಮೊದಮೊದಲು ಅವಳು ರಾಕ್ಷಸರಿಗೆ ಹೆದರಿ ಗೋಡೆಯ ಸಂದಿಗೆ ಹೋಗಿ ನಿಲ್ಲುತ್ತಿದ್ದಳು. ಆಮೇಲೆ ಒಂದು ದಿನ ಒಬ್ಬ ದೈತ್ಯನನ್ನು ಒಬ್ಬಳೇ ಕೊಂದಾಗ ಕೂಗಿದ ಕೂಗಿಗೆ ಮೇಲಿನ ಮನೆಯವರು ಇಳಿದು ಬಂದಿದ್ದರು. ಬಿಲ್ಲು ಹಿಡಿದ ತನ್ನ ಹೆಂಗಸಿಗೆ ಜಗಳಗಂಟಿ ಎಂದು ಹೆಸರಿಟ್ಟಳು. ತಮ್ಮನದು ಗುರಾಣಿ ಹಿಡಿದ ಎತ್ತರದ ಆಳು, ಹೆಸರು ಬಂಡೆ. ಎರಡಕ್ಕೂ ಒಂದೇ ಜೀವ. ಸತ್ತರೆ ಆ ಪಾತ್ರ, ಅದು ತೊಟ್ಟ ಉಂಗುರ ಕವಚ, ಅದಕ್ಕೆ ಕಲಿಸಿದ ವಿದ್ಯೆ ಎಲ್ಲ ಹೋಯಿತು, ಮತ್ತೆ ಮೊದಲ ಸಮುದ್ರದ ದಂಡೆಯಿಂದ ಶುರು. ಹೀಗಿದ್ದರೇ ಆಡುವುದಕ್ಕೆ ಅರ್ಥ ಎಂದು ಹಟ ಹಿಡಿದವಳು ಅವಳೇ. ನಕ್ಷೆಗಳನ್ನು ಆಟದೊಳಗಿನ ಯಂತ್ರದಲ್ಲಿಡುತ್ತಿದ್ದವನು ತಮ್ಮ. ಯಂತ್ರ ಗುಂಯ್ಗುಟ್ಟಿ ಆರು ಬಾಗಿಲು ತೆರೆಯುತ್ತಿತ್ತು, ಬಾಗಿಲ ಆಚೆ ಆ ನಕ್ಷೆಯ ಲೋಕ. "ಇದು ಹದಿನಾಲ್ಕಕ್ಕ, ಹುಷಾರು, ನನ್ನ ಹಿಂದೇನೇ ಇರು," ಎನ್ನುತ್ತಿದ್ದ. ಅವಳು ಉಸಿರು ಬಿಗಿಹಿಡಿದು ಅವನ ಹಿಂದೆ ಹೋಗುತ್ತಿದ್ದಳು. ಎಂಥ ನಾಟಕ! ಉಸಿರು ಬಿಗಿಹಿಡಿದದ್ದನ್ನು ನೆನೆದರೇ ಈಗ ನಾಚಿಕೆ. ರಾಕ್ಷಸರು ಬಂದು ಕಾಲು ಒತ್ತುವ ಜಾಗದಲ್ಲಿ ಉಸಿರು ಬಿಗಿಹಿಡಿದಿದ್ದಳಂತೆ!

ಮೆಟ್ಟಿಲು ಹತ್ತುವಾಗ ಚಿಕ್ಕಮ್ಮನ ದನಿ ಕೇಳಿದಂತಾಯಿತು. ಚಿಕ್ಕಮ್ಮ ಬೇರೆ ಊರಲ್ಲಿದ್ದಾಳೆ, ವಾರಕ್ಕೊಮ್ಮೆ ಫೋನು, ಪ್ರತಿ ಫೋನಿನ ಕೊನೆಗೂ ಅದೇ ಮಾತು: "ನಿನ್ನ ತಮ್ಮನಂಥವನು ಸಿಗಲ್ಲ ಕಣೇ. ನಿನಗೋಸ್ಕರ ಏನೆಲ್ಲಾ ಬಿಟ್ಟ." ಏನೆಲ್ಲಾ ಎಂದರೆ ಎರಡು. ಗಂಡನ ಮನೆ ಸಾಕಾಗಿ ಒಂದು ಸೂಟ್‌ಕೇಸು ಹಿಡಿದು ಅವಳು ಈ ಮನೆಗೆ ಬಂದ ವರ್ಷ, ಆಸ್ಪತ್ರೆಯ ಔಷಧ ವಿಭಾಗದಲ್ಲಿದ್ದ ತಮ್ಮನಿಗೆ ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಮುಖ್ಯಸ್ಥನ ಕೆಲಸ ಬಂದಿತ್ತು, ಬಿಟ್ಟ. ಆಮೇಲೆ ಲೈಬ್ರರಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ ಇದ್ದಳು, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವವಳು. ಅವಳೂ ಎಷ್ಟು ದಿನ ಕಾದಾಳು, ಹೋದಳು. "ಅಕ್ಕನನ್ನ ಬಿಟ್ಟು ಹೇಗೆ ಹೋಗ್ಲಿ," ಎಂದು ತಮ್ಮ ಯಾರ ಮುಂದೆಯೋ ಮೆಲ್ಲಗೆ ಹೇಳಿದ್ದನ್ನು ಅವಳು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಳು. ಅಂದಿನಿಂದ ಈ ಮನೆಯಲ್ಲಿ ಅವಳು ದೊಡ್ಡ ದನಿಯಲ್ಲಿ ಮಾತಾಡಿದ್ದಿಲ್ಲ. ಸೀನು ಬಂದರೂ ಬಟ್ಟೆ ಅಡ್ಡ ಹಿಡಿದು ಸೀನಿದವಳು. ಅವನ ಅಂಗಿಯ ಗುಂಡಿ ಬೀಳುವ ಮೊದಲೇ ಹೊಲಿದವಳು. ಈಗ ಅವನು ಆಟದಲ್ಲೂ ಅವಳನ್ನು ಕಂಕುಳಲ್ಲಿ ಎತ್ತಿಕೊಂಡು ತಿರುಗಿಸುತ್ತಿದ್ದಾನೆ, ಅದಕ್ಕೂ ಋಣಿಯಾಗಿರಬೇಕೇ? ಸಾಕಪ್ಪ ಸಾಕು. ಕೀಲಿ ತಿರುವಿದ ರಭಸಕ್ಕೆ ಬಾಗಿಲು ಗೋಡೆಗೆ ಬಡಿಯಿತು. ಅವಳು ಅದನ್ನು ಹಿಡಿಯಲು ಹೋಗಲಿಲ್ಲ.

ತಮ್ಮನಿಗೆ ಇವತ್ತು ಬೆಳಗಿನ ಪಾಳಿ. ಹಿಂದಿನ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ; ಒದ್ದೆ ಬಟ್ಟೆ ಕೊಡವುವ ಸದ್ದು ಕೇಳುತ್ತಿತ್ತು. ಹಾಲಿನಲ್ಲಿ ಅಕ್ಕಪಕ್ಕ ಇಟ್ಟ ಎರಡು ಮೇಜು, ಎರಡು ಕಂಪ್ಯೂಟರು. ಅವನದು ಆಗಲೇ ಹೊತ್ತಿಕೊಂಡಿತ್ತು. ಸ್ಪೀಕರಿನಿಂದ ಒಂದು ಗಂಡಸಿನ ದನಿ ಕೂಗಿತು: "ಲೋ ಬಂಡೆ, ಎಲ್ಲೋ ಸತ್ತೆ?"

ಅದು ಗೂಬೆ ಎಂದು ಹೆಸರಿಟ್ಟುಕೊಂಡವನ ದನಿ. ಎಲ್ಲಿಯವನೋ, ಏನು ಕೆಲಸದವನೋ, ತಮ್ಮನ ಆಟದ ಹಳೆಯ ಜೊತೆಗಾರ. ಯಾವಾಗಲೂ ತಮ್ಮ ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ಅವನೊಂದಿಗೆ ಮಾತಾಡುತ್ತಿದ್ದುದರಿಂದ ಅವಳು ಅವನ ದನಿ ಕೇಳಿದ್ದು ಕಡಿಮೆ. "ಬಂಡೆ ಬಟ್ಟೆ ಒಣಗಿಸ್ತಿದಾನೆ. ನಾನು ಅವನ ಅಕ್ಕ," ಎಂದಳು.

"ಓಹೋ, ಜಗಳಗಂಟಿ ಅಕ್ಕಾ! ನಮಸ್ಕಾರ. ಅಂತೂ ಮಾತಿಗೆ ಸಿಕ್ರಿ. ಅಕ್ಕಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇವತ್ತಾದ್ರೂ ಅವನನ್ನ ನನ್ನ ಜೊತೆ ಕೆಂಪಿಗೆ ಕಳಿಸಿಕೊಡ್ತೀರಾ? ನಾನು ಕರೆದೂ ಕರೆದೂ ಸಾಕಾಯ್ತು. ಅಕ್ಕನಿಗೆ ಆಗಲ್ಲ, ಅಕ್ಕನನ್ನ ಬಿಟ್ಟು ಹೇಗೆ ಬರ್ಲಿ ಅಂತಾನೆ. ನಿಮ್ಮ ಜೊತೆ ಆ ಬಿಳೀಲೇ ಕೂತಿದಾನೆ ಪಾಪ. ದೊಡ್ಡ ಮನಸ್ಸು ಬಿಡಿ ಅವನದು."

ಮುಖಕ್ಕೆ ಯಾರೋ ಹಸಿ ಬಟ್ಟೆಯಿಂದ ಬೀಸಿ ಹೊಡೆದ ಹಾಗಾಯಿತು. ಇಡೀ ದಾರಿ ಕಟ್ಟಿಕೊಂಡು ಬಂದ ಸಿಟ್ಟು ಒಂದು ಕ್ಷಣ ಎಲ್ಲಿಗೋ ಹೋಗಿ, ಅದರ ಜಾಗಕ್ಕೆ ಹಳೆಯ ಆ ಭಾರ, ಎದೆಯ ಮೇಲೆ ಕಾಯಂ ಕೂತಿರುವ ಆ ಭಾರ, ಮೈ ಮುರಿದು ಎದ್ದು ಕೂತಿತು. ಇಲ್ಲೂ ತಾನೇ ಅಡ್ಡಿ. ಆಟದಲ್ಲೂ ತಾನೇ ಅವನ ಕಾಲಿಗೆ ತೊಡರಿಕೊಂಡವಳು. "ಹೇಳ್ತೀನಿ ಅವನಿಗೆ," ಎಂದು ಗೂಬೆಯ ದನಿ ಆರಿಸಿ, ತಮ್ಮನ ಕುರ್ಚಿಯಲ್ಲೇ ಕುಳಿತಳು. ಕಣ್ಣು ತುಂಬಿದ್ದವು. ಒರೆಸಿಕೊಂಡು ಪರದೆ ನೋಡಿದಳು.

ಅವನ ಆಟದ ಹಲಗೆ ತೆರೆದೇ ಇತ್ತು. ಎಲ್ಲ ನಕ್ಷೆಗಳೂ ಬಳ್ಳಿಯ ಹಾಗೆ ಹಬ್ಬಿದ ದೊಡ್ಡ ಚಿತ್ರ ಅದು. ಗೆದ್ದ ಒಂದೊಂದು ನಕ್ಷೆಯಲ್ಲೂ ಒಂದೊಂದು ದೀಪ ಹೊತ್ತಿಕೊಳ್ಳುತ್ತದೆ. ಅವಳಿಗೂ ಒಂದು ಹಲಗೆ ಇದೆ, ಆದರೆ ನೋಡುವ ಅಗತ್ಯವಿಲ್ಲ, ಎಲ್ಲ ನಾನು ನೋಡ್ಕೋತೀನಿ ಎಂದಿದ್ದ ತಮ್ಮ. ಈಗ ಬಿಳಿ, ಹಳದಿ, ಕೆಂಪು ಎಂದು ಗೊತ್ತಾದ ಮೇಲೆ ಚಿತ್ರ ಅರ್ಥವಾಗುತ್ತಿತ್ತು. ಕೆಳಗಿನ ಬಿಳಿಯ ದೀಪಗಳೆಲ್ಲ ಉರಿಯುತ್ತಿದ್ದವು. ಹಳದಿಯಲ್ಲಿ ಅಲ್ಲೊಂದು ಇಲ್ಲೊಂದು. ಅದರ ಮೇಲೆ, ಕೆಂಪು ಶುರುವಾಗುವಲ್ಲಿಂದ, ಒಂದೂ ಇಲ್ಲ. ಕತ್ತಲು. ಅವಳು ನೋಡಿದ್ದನ್ನೇ ನೋಡಿದಳು. ತಮ್ಮ ಒಂದು ಸಲ ಹೇಳಿದ್ದು ನೆನಪಿತ್ತು: ಹಲಗೆ ಪಾತ್ರದ್ದಲ್ಲಕ್ಕ, ಆಟಗಾರನದ್ದು, ಎಷ್ಟು ಪಾತ್ರ ಸತ್ತರೂ ಹೊತ್ತಿದ ದೀಪ ಆರಲ್ಲ. ಅವಳು ಆಡತೊಡಗಿ ಒಂದು ವರ್ಷವೂ ಆಗಿಲ್ಲ. ಅವನು ಇದನ್ನು ಅದಕ್ಕೂ ನಾಲ್ಕು ವರ್ಷ ಮೊದಲಿನಿಂದ ಆಡುತ್ತಿದ್ದಾನೆ. ಅವಳ ಕಾಲು ಗಟ್ಟಿಯಾಗಿದ್ದಾಗ, ಅವಳಿಗೆ ಈ ಆಟದ ಹೆಸರೂ ಗೊತ್ತಿಲ್ಲದಾಗ, ಪ್ರತಿ ಸಂಜೆ ಒಬ್ಬನೇ. ಆ ನಾಲ್ಕು ವರ್ಷದಲ್ಲಿ ಅವನನ್ನು ಹಿಡಿದುಕೊಂಡವರು ಯಾರು?

ಆಟದೊಳಗೆ ನಕ್ಷೆ ಕೂಡಿಡುವ ಪೆಟ್ಟಿಗೆ ತೆರೆದಳು. ಕೆಂಪು ನಕ್ಷೆಗಳು. ಸಾಲು ಸಾಲಾಗಿ, ಹನ್ನೊಂದು, ಹನ್ನೆರಡು, ಹದಿನಾಲ್ಕು, ಹದಿನಾರು, ದರ್ಜೆವಾರು ಒಪ್ಪವಾಗಿ ಜೋಡಿಸಿಟ್ಟಿದ್ದ, ಆಸ್ಪತ್ರೆಯಲ್ಲಿ ಮಾತ್ರೆಯ ಡಬ್ಬಿ ಜೋಡಿಸುವ ಹಾಗೆ. ಕೂಡಿಟ್ಟಿದ್ದ. ಒಂದನ್ನೂ ಬಳಸಿರಲಿಲ್ಲ. ಎಪ್ಪತ್ತೊಂದರಲ್ಲಿ ಅರವತ್ತೇಳು ಕಳೆದ ಹಾಗೆ, ಅವಳು ಎಂದೂ ಕಳೆಯದ ಇನ್ನೊಂದು ಲೆಕ್ಕ ತಾನಾಗಿಯೇ ಬಗೆಹರಿಯತೊಡಗಿತು. ಗಂಡನ ಮನೆಯಿಂದ ಸೂಟ್‌ಕೇಸು ಹಿಡಿದು ಬಂದ ಆ ಸಂಜೆ. ಈ ಹಾಲಿನಲ್ಲೇ ಯಾರೋ ಒಬ್ಬ ಗುಂಗುರು ಕೂದಲಿನವನು ಕೂತಿದ್ದ, ತಮ್ಮನ ಸಹೋದ್ಯೋಗಿ, ಸಿಹಿಯ ಡಬ್ಬಿ ತಂದಿದ್ದ. ಬೇರೆ ಊರಿಗೆ ಮುಖ್ಯಸ್ಥನಾಗಿ ಹೊರಟವನು. ಹೊರಡುವ ಮೊದಲು ಹೇಳಿ ಹೋಗಲು ಬಂದಿದ್ದ. "ನಿಮ್ಮ ತಮ್ಮ ಬೇಡ ಅಂದಿದ್ದಕ್ಕೇ ನನಗೆ ಸಿಕ್ತು ಮೇಡಂ, ತಗೊಳ್ಳಿ," ಎಂದು ಅವಳ ಮುಂದೆಯೂ ಡಬ್ಬಿ ಹಿಡಿದಿದ್ದ. ಇಡೀ ದಿನ ಏನೂ ತಿಂದಿರದ ಅವಳು ಎರಡು ತಿಂದಿದ್ದಳು! ತಮ್ಮ ಬೇಡ ಎಂದಿದ್ದ. ಆಗಲೇ ಬೇಡ ಎಂದು ಆಗಿತ್ತು. ಅವಳು ಬರುತ್ತಾಳೆಂದು ಯಾರಿಗೂ, ಅವಳಿಗೇ, ಗೊತ್ತಿಲ್ಲದಾಗ. ಆ ಸಿಹಿ ತಿಂದ ಬಾಯಿಯಲ್ಲೇ ಅವಳು ಇಷ್ಟು ವರ್ಷ ನನ್ನಿಂದಾಗಿ, ನನ್ನಿಂದಾಗಿ ಎಂದುಕೊಂಡಿದ್ದಳು. ಥೂ! ಸೀನುವಾಗ ಬಟ್ಟೆ ಅಡ್ಡ ಹಿಡಿದಿದ್ದಳು!

"ಅಕ್ಕ, ಬೇಗ ಬಂದ್ಯಾ?" ತಮ್ಮ ಬಾಗಿಲಲ್ಲಿ ನಿಂತಿದ್ದ, ಖಾಲಿ ಬಕೆಟ್ಟು ಕೈಯಲ್ಲಿ, ಅಂಗಿಯ ಅಂಚಿಗೆ ನಾಲ್ಕಾರು ಕ್ಲಿಪ್ಪು ಸಿಕ್ಕಿಸಿಕೊಂಡು. ತಲೆಯ ನಡುವೆ ಕೂದಲು ತೆಳ್ಳಗಾಗಿದೆ. ಅವಳಿಗೆ ಒಂದು ಕ್ಷಣ ಅವನು ಮೂರನೇ ಕ್ಲಾಸಿನಲ್ಲಿ ಈಜುಕೊಳದ ಅಂಚಿನಲ್ಲಿ ಚಡ್ಡಿ ಹಿಡಿದು ನಿಂತದ್ದು ಕಾಣಿಸಿತು. "ಅಕ್ಕನಿಗೆ ಶೀತ, ಅವಳು ನೀರಿಗಿಳಿಯಲ್ಲ, ನಾನೂ ಇಳಿಯಲ್ಲ," ಎಂದಿದ್ದ ಮಾಸ್ತರರಿಗೆ. ಅಯ್ಯೋ, ಅವತ್ತಿನಿಂದಲೇ! ಅವಳಿಗೆ ಶೀತವೇನೂ ಇರಲಿಲ್ಲ. ಈಜಬೇಕೆಂದು ಹೊಸ ಟವೆಲ್ಲು ಹಿಡಿದು ಬಂದಿದ್ದಳು.

"ನಾವು ಆಡೋದು ಎಷ್ಟನೇ ದರ್ಜೆ?" ಎಂದು ಕೇಳಿದಳು.

ಅವನ ಕಣ್ಣು ಅವಳ ಮುಖದಿಂದ ಪರದೆಗೆ, ಪರದೆಯಿಂದ ಬಕೆಟ್ಟಿಗೆ ಇಳಿಯಿತು. "ಯಾಕಕ್ಕ?"

"ನಾಲ್ಕು ಕಣೋ. ನಾಲ್ಕು! ಲ್ಯಾಬಲ್ಲಿ ಎಲ್ಲರ ಮುಂದೆ ಹದಿನಾಲ್ಕು ಅಂತ ಬಡಾಯಿ ಕೊಚ್ಚಿ ಬಂದೆ."

"ನಿನಗೆ ಖುಷಿ ಆಗ್ಲಿ ಅಂತ..."

"ನನ್ನ ಖುಷಿ ನಿನ್ನ ಕೈಲಿ ಯಾರು ಕೊಟ್ರು? ಸರಿ, ನನಗೆ ಹದಿನಾಲ್ಕು ಅಂದೆ, ಖುಷಿಗೆ. ಗೂಬೆಗೆ ಅಕ್ಕನಿಗೆ ಆಗಲ್ಲ ಅಂದ್ಯಲ್ಲ, ಅದು ಯಾರ ಖುಷಿಗೆ? ನನಗೆ ಆಗುತ್ತಾ ಇಲ್ವಾ ಅಂತ ನನ್ನ ಒಂದು ಸಲ ಕೇಳಿದ್ಯಾ? ಮೇಲೆ ನೋಡು, ಒಂದು ದೀಪ ಇಲ್ಲ. ನಾನು ಬರೋಕೆ ಮುಂಚೆ ನಾಲ್ಕು ವರ್ಷ ಏನು ಮಾಡ್ತಿದ್ದೆ?"

"ಆಟ ತಾನೇ ಅಕ್ಕ. ಇಷ್ಟು ದೊಡ್ಡದು ಮಾಡ್ತೀಯಲ್ಲ."

"ಆಟ ಬಿಡು. ಗುಂಗುರು ಕೂದಲಿನವನು ಸಿಹಿ ತಂದಿದ್ದು ನಾನು ಬಂದ ದಿನ. ಅಷ್ಟರಲ್ಲಿ ನೀನು ಬೇಡ ಅಂದು ಎಷ್ಟು ದಿನ ಆಗಿತ್ತು?"

ಬಕೆಟ್ಟು ಕೆಳಗಿಟ್ಟ. ಕ್ಲಿಪ್ಪುಗಳನ್ನು ಒಂದೊಂದಾಗಿ ತೆಗೆದು ಬಕೆಟ್ಟಿಗೆ ಹಾಕಿದ, ಪ್ರತಿಯೊಂದೂ ಟಕ್ ಎಂದಿತು. "ಅದೆಲ್ಲ ಈಗ್ಯಾಕೆ?" ಎಂದ. ಇಲ್ಲ ಎನ್ನಲಿಲ್ಲ. ಇಲ್ಲ ಎನ್ನಲಿ ಎಂದು ಅವಳ ಒಳಗೆ ಯಾವುದೋ ಒಂದು ಮೂಲೆ ಕಾಯುತ್ತಿತ್ತು ಎಂದು ಆಗ ಅವಳಿಗೆ ತಿಳಿಯಿತು. ಅವನು ಇಲ್ಲ ಎಂದಿದ್ದರೆ ನಂಬಿಬಿಡುತ್ತಿದ್ದಳು. ಮತ್ತೆ ಗುಂಡಿ ಹೊಲಿಯುತ್ತಿದ್ದಳು.

"ಚಿಕ್ಕಮ್ಮ ಹಾಗೆ ಹೇಳೋಕೆ ಶುರು ಮಾಡಿದ್ರು," ಎಂದ ತಮ್ಮ. "ನಾನು ಸುಮ್ನಿದ್ದೆ ಅಷ್ಟೇ."

"ಸುಮ್ನಿದ್ದೆ! ನೀನು ಸುಮ್ನಿದ್ದಿದ್ದಕ್ಕೆ ನಾನು ಈ ಮನೇಲಿ ಕಳ್ಳಿ ಹಾಗೆ ಇದ್ದೆ ಕಣೋ." ಅಳಬಾರದು ಎಂದುಕೊಂಡು, ಅಳುವ ಬದಲು ಎದ್ದು, ತನ್ನ ಮೇಜಿಗೆ ಹೋಗಿ ತನ್ನ ಕುರ್ಚಿ ಎಳೆದು ಕುಳಿತಳು. ಪೆಟ್ಟಿಗೆ ಇಬ್ಬರಿಗೂ ಸೇರಿದ್ದು. ಎಲ್ಲಿದೆ ಎಂದು ಗೊತ್ತಾದ ಮೇಲೆ ತೆಗೆಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹನ್ನೊಂದನೇ ದರ್ಜೆಯ ಒಂದು ಕೆಂಪು ನಕ್ಷೆ ಆರಿಸಿದಳು. ಅದರ ಕೆಳಗೆ ಸಣ್ಣಕ್ಷರದಲ್ಲಿ ಷರತ್ತುಗಳಿದ್ದವು. ತಮ್ಮ ತಂದಿಡುತ್ತಿದ್ದ ನಕ್ಷೆಗಳಲ್ಲಿ ಷರತ್ತೇ ಇರುತ್ತಿರಲಿಲ್ಲ, ಅವನು ಅವನ್ನೆಲ್ಲ ಅಳಿಸಿ, ತೊಳೆದು ತರುತ್ತಿದ್ದ ಎಂದು ಈಗ ಗೊತ್ತಾಯಿತು. ದೊಡ್ಡ ದನಿಯಲ್ಲಿ ಓದಿದಳು: "ಗಾಯ ಮಾಯುವ ವೇಗ ಅರ್ಧ. ಸತ್ತ ರಾಕ್ಷಸರು ಬಿದ್ದ ನೆಲ ಉರಿಯುತ್ತದೆ. ರಾಕ್ಷಸರ ಒಡೆಯರು ಇಬ್ಬರು."

"ಬೇಡಕ್ಕ. ಸಾಯ್ತೀಯ. ಎಂಟು ತಿಂಗಳು ಬೆಳೆಸಿದ್ದು ಅದು."

"ಎಂಟು ತಿಂಗಳು ಎಲ್ಲಿ ಬೆಳೀತು? ನಿನ್ನ ಕಂಕುಳಲ್ಲಿ ಕೂತಿತ್ತು."

ಯಂತ್ರದಲ್ಲಿಟ್ಟು ಒತ್ತಿದಳು. ಆರು ಬಾಗಿಲು ತೆರೆದವು. ತಮ್ಮ ಅವಸರದಲ್ಲಿ ತನ್ನ ಕುರ್ಚಿಗೆ ಬಂದು ಕೂತ. ಬಂಡೆ ಓಡಿ ಬಂದು ಬಾಗಿಲ ಬಳಿ ನಿಂತಿತು. ಅವಳು ತಿರುಗಿ ನೋಡಲಿಲ್ಲ. ಜಗಳಗಂಟಿ ಒಳಗೆ ನಡೆದಳು.

ಮೂಲೆಯಲ್ಲಿ ಎಪ್ಪತ್ತೆಂಟು ಎಂದಿತ್ತು. ಕಳೆಯಬೇಕಾಗಿಲ್ಲ, ಗೊತ್ತು. ಒಣಗಿದ ಕಾಲುವೆಯೊಂದರ ತಳ, ಎರಡೂ ಬದಿಗೆ ಎತ್ತರದ ಇಟ್ಟಿಗೆ ಗೋಡೆ. ಮೊದಲ ಗುಂಪು ಗೋಡೆಯ ಕಿಂಡಿಗಳಿಂದ ಧುಮುಕಿತು. ಅಬ್ಬಾ! ಇವರು ಓಡಿ ಬರುತ್ತಾರೆ. ಬಿಳಿಯಲ್ಲಿ ಇವರೇ ಕಾಲೆಳೆದುಕೊಂಡು ಬರುತ್ತಿದ್ದರು. ಅವಳ ಬೆರಳಿಗೆ ಬುದ್ಧಿ ಬರುವ ಮೊದಲೇ ಜೀವದ ಕೆಂಪು ಪಟ್ಟಿ ಅರ್ಧಕ್ಕಿಳಿದಿತ್ತು. ಹಿಂದಕ್ಕೆ ಜಿಗಿದು, ಗೋಡೆಗೆ ಬೆನ್ನು ಕೊಟ್ಟು, ಬಾಣ ಬಿಟ್ಟಳು. ಬಿದ್ದರು. ಬಿದ್ದಲ್ಲಿ ನೆಲ ಹೊತ್ತಿಕೊಂಡಿತು, ಅವಳು ಮುಂದೆ ಓಡಿದಳು. ಕೊಂದ ಜಾಗದಲ್ಲಿ ನಿಲ್ಲಬಾರದು, ಸರಿ, ಗೊತ್ತಾಯಿತು. ಎರಡನೇ ಗುಂಪಿಗೆ ಆ ತಪ್ಪು ಮಾಡಲಿಲ್ಲ. ಬೆವರಿದ ಅಂಗೈ ಮೌಸಿನ ಮೇಲೆ ಜಾರುತ್ತಿತ್ತು. ಪಕ್ಕದಲ್ಲಿ ತಮ್ಮ, "ಎಡಕ್ಕಕ್ಕ, ಎಡಕ್ಕೆ," ಎಂದ, "ಬಾಯ್ಮುಚ್ಚು," ಎಂದಳು, ಅದು ಎಷ್ಟು ಜೋರಾಗಿ ಬಂತೆಂದರೆ ಮೇಲಿನ ಮನೆಯಲ್ಲಿ ಯಾರದೋ ಕುರ್ಚಿ ಸರಿಯಿತು. ಸರಿಯಲಿ. ಗಾಯ ಮಾಯುತ್ತಿರಲಿಲ್ಲ, ಮಾಯಲು ಕಾಯುವ ಹೊತ್ತೂ ಇರಲಿಲ್ಲ, ಆದರೂ ಅವಳು ಮುಂದೆ ಹೋಗುತ್ತಿದ್ದಳು, ಕಾಲುವೆಯ ಒಂದು ತಿರುವು, ಇನ್ನೊಂದು ತಿರುವು. ತನಗೆ ಬರುತ್ತದೆ! ಇಷ್ಟಾದರೂ ಬರುತ್ತದೆ! ಇದನ್ನು ಯಾಕೆ ಅವಳಿಂದ ಬಚ್ಚಿಟ್ಟರು? ಭಯವಾಗುತ್ತಿತ್ತು, ನಿಜವಾದ ಭಯ, ಅದು ಅವಳದೇ ಭಯ, ಯಾರೂ ತೊಳೆದು ಕೊಟ್ಟದ್ದಲ್ಲ.

ಕಾಲುವೆಯ ಕೊನೆಗೆ ಇಬ್ಬರು ಒಡೆಯರು ನಿಂತಿದ್ದರು. ಒಬ್ಬನನ್ನು ಕೊಂದಳು. ಹೌದು, ಕೊಂದಳು; ತಮ್ಮನ ಗಂಟಲಿನಿಂದ ಏನೋ ಸದ್ದು ಹೊರಟದ್ದು ಕೇಳಿಸಿತು. ಎರಡನೆಯವನು ಸರಪಳಿ ಬೀಸಿದಾಗ ಅವಳು ಹಿಂದಕ್ಕೆ ಜಿಗಿದದ್ದು ಮೊದಲನೆಯವನ ಹೆಣ ಉರಿಯುತ್ತಿದ್ದ ನೆಲದ ಮೇಲೆ. ಪಟ್ಟಿ ಖಾಲಿಯಾಯಿತು. ಜಗಳಗಂಟಿ ಮಂಡಿಯೂರಿ, ಮುಂದಕ್ಕೆ ಬಿದ್ದಳು. ಪರದೆಯ ಬಣ್ಣವೆಲ್ಲ ಬಸಿದುಹೋಗಿ, ಈ ಪಾತ್ರ ಇನ್ನಿಲ್ಲ ಎಂಬ ಒಂದು ಸಾಲು ಬಂತು.

ಎಂಟು ತಿಂಗಳು, ಆ ಬಿಲ್ಲು, ಆ ಹಸಿರು ಕಲ್ಲಿನ ಉಂಗುರ, ಹೋಯಿತು. ಆದರೆ ನಾಚಿಕೆ ಇರಲಿಲ್ಲ. ಹುಡುಕಿದಳು, ಇರಲಿಲ್ಲ.

"ನೋಡಿದ್ಯಾ," ಎಂದ ತಮ್ಮ ಮೆಲ್ಲಗೆ, "ಇದಕ್ಕೇ ನಾನು..." ಅವನ ಪರದೆಯ ಮೇಲೆ ಬಂಡೆ ಇನ್ನೂ ನಿಂತಿತ್ತು. ಆರರಲ್ಲಿ ಒಂದು ಬಾಗಿಲು ಅವಳೊಂದಿಗೆ ಮುಚ್ಚಿತ್ತು. ಐದು ತೆರೆದೇ ಇದ್ದವು, ಅವುಗಳ ಕೆಂಪು ಬೆಳಕು ಬಂಡೆಯ ಗುರಾಣಿಯ ಮೇಲೆ, ಅಲ್ಲಿಂದ ತಮ್ಮನ ಮುಖದ ಮೇಲೆ ಬೀಳುತ್ತಿತ್ತು. ಒಳಗೆ ಉಳಿದದ್ದು ಒಬ್ಬನೇ ಒಡೆಯ. ಅವನ ಅರ್ಧ ಜೀವವನ್ನೂ ತೆಗೆದೇ ಅವಳು ಸತ್ತಿದ್ದಳು.

"ಮೊದಲಿಂದ ಶುರು ಮಾಡೋಣಕ್ಕ," ಎಂದ ತಮ್ಮ. "ಹೊಸದೊಂದು ಬೆಳೆಸು. ನೀನು ಬರೋವರೆಗೂ ನಾನು ಕಾಯ್ತೀನಿ. ಆಮೇಲೆ ಇಬ್ರೂ ಒಟ್ಟಿಗೆ ಹೋಗೋಣ."

"ನನ್ನನ್ನ ಕಾಯಬೇಡ. ನಾನು ಸತ್ತಿದೀನಿ. ಬಾಗಿಲು ತೆರೆದಿದೆ ನೋಡು."

ಅವನು ನೋಡಿದ. ಕೈ ಮೌಸಿನ ಮೇಲೆ ಹೋಯಿತು. ಬಂಡೆ ಒಂದು ಹೆಜ್ಜೆ ಮುಂದಿಟ್ಟಿತು, ಹೊಸ್ತಿಲ ತನಕ, ಅಲ್ಲಿ ನಿಂತಿತು. ತಮ್ಮನ ಹಣೆಯ ಮೇಲೆ ಬೆವರು ಮೂಡಿತ್ತು. ಅವಳಿಗೆ ಅವನ ಮೇಲೆ ಕರುಳು ಚುರ್ರೆಂದಿತು, ಚುರ್ರೆಂದದ್ದಕ್ಕೆ ಮತ್ತೆ ಸಿಟ್ಟೂ ಬಂತು.

"ಹೋಗ್ಲಾ?" ಎಂದ. ಪರದೆಯಿಂದ ಕಣ್ಣು ಕಿತ್ತು ಅವಳ ಕಡೆ ತಿರುಗಿದ. "ನೀನು ಹೋಗು ಅಂದ್ರೆ ಹೋಗ್ತೀನಿ ಅಕ್ಕ."

ಹೋಗು ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಎಷ್ಟು ಸುಲಭದ ಮಾತು. ಹೋಗು ಎಂದರೆ ಹೋಗುತ್ತಾನೆ, ಸತ್ತರೆ ಅಕ್ಕ ಕಳಿಸಿದಳು, ಗೆದ್ದರೂ ಅಕ್ಕ ಕಳಿಸಿದಳು.

"ನಾನು ಹೇಳಲ್ಲ," ಎಂದಳು.

ಅವನು ಅವಳ ಮುಖವನ್ನೇ ನೋಡುತ್ತ ಕೂತ. ಅವಳು ಕುರ್ಚಿ ಪರದೆಯ ಕಡೆ ತಿರುಗಿಸಿಕೊಂಡು, ಹೊಸ ಪಾತ್ರ ಎಂಬಲ್ಲಿ ಒತ್ತಿ, ಹೆಸರು ಕೇಳಿದಲ್ಲಿ ಜಗಳಗಂಟಿ ಎಂದೇ ಬರೆದಳು.